ಸ್ಟೆಂಟ್‌ನಲ್ಲೇ ಔಷಧಿ ಇದ್ದ ಮೇಲೆ ಮಾತ್ರೆ ಯಾಕೆ?

ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಕಡೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಅಪ್ಪನಿಗೆ ಮಂಗಳೂರಿನಲ್ಲಿ ಮೆಡಿಕೇಟೆಡ್ ಸ್ಟೆಂಟ್ ಹಾಕಿದರು. ಒಳಗೇ ಔಷಧಿ ಇಟ್ಟ ಮೇಲೆ ದಿನಾ ಮಾತ್ರೆ ನುಂಗುವುದು ಯಾಕೆ ಎನ್ನುತ್ತಿದ್ದಾರೆ." ಮಾತ್ರೆ ಬಿಡಲು ಇದಕ್ಕಿಂತ ಜಾಣ ನೆಪ ನಾನು ಕೇಳಿಲ್ಲ.

ಮೊದಲು ಕ್ಯಾಥ್ ಲ್ಯಾಬ್, ಅಂದರೆ ಸ್ಟೆಂಟ್ ಹಾಕುವ ಕೋಣೆಯ ಒಳಗಿನ ಸಂಗತಿಯನ್ನು ಬೇಗ ಮುಗಿಸುತ್ತೇನೆ. ಸಾಮಾನ್ಯವಾಗಿ ಪ್ರಜ್ಞೆ ತಪ್ಪಿಸುವುದಿಲ್ಲ. ಮಣಿಕಟ್ಟಿಗೋ ತೊಡೆಸಂದಿಗೋ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಲಿಂದ ಸಪೂರ ಕೊಳವೆಯನ್ನು ಹೃದಯದ ರಕ್ತನಾಳದ ತನಕ ಒಯ್ಯುತ್ತಾರೆ. ನಾಳದೊಳಗೆ ಅದು ಸಾಗುವುದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ನಾಳ ಎಕ್ಸ್‌ರೇಯಲ್ಲಿ ಕಾಣಲೆಂದು ಡೈ ಬಿಟ್ಟಾಗ ಮೈ ಬಿಸಿಯಾಗಬಹುದು. ಬ್ಲಾಕ್ ಇರುವಲ್ಲಿ ಬಲೂನ್ ಉಬ್ಬಿಸುವಾಗ ಅಷ್ಟು ಹೊತ್ತು ರಕ್ತ ತಡೆಯುತ್ತದೆ, ಎದೆ ಹಿಡಿದಂತಾಗುತ್ತದೆ. ಗಾಬರಿ ಬೇಡ, ಆದರೆ ಸುಮ್ಮನಿರದೆ ಹೇಳಿ. ಬಲೂನಿನ ಮೇಲಿದ್ದ ಲೋಹದ ಜಾಲರಿ ಹಿಗ್ಗಿ ನಾಳದ ಗೋಡೆಗೆ ಒತ್ತಿ ಕೂರುತ್ತದೆ. ಬಲೂನ್ ಹೊರಗೆ ಬರುತ್ತದೆ, ಸುಮಾರು ಮೂರು ಮಿಲಿಮೀಟರ್ ಅಗಲದ ಸ್ಟೆಂಟ್ ಅಲ್ಲೇ ಉಳಿಯುತ್ತದೆ.

ಈಗ ನನಗೆ ಇಷ್ಟವಾದ ಭಾಗ.

(ಪರದೆಯಲ್ಲಿ: ಪೆಸಿಫಿಕ್ ಸಾಗರದ ನಕಾಶೆ)

1986ರಲ್ಲಿ ಮನುಷ್ಯನ ಹೃದಯದ ನಾಳಕ್ಕೆ ಹಾಕಿದ ಮೊದಲ ಸ್ಟೆಂಟ್ ಬರಿಯ ಲೋಹ. ನಾಳದ ಗಾಯ ಮಾಯುವ ಭರದಲ್ಲಿ ಜೀವಕೋಶಗಳು ಜಾಲರಿಯೊಳಗೆ ಅತಿಯಾಗಿ ಬೆಳೆದು, ಹಲವರಿಗೆ ಕೆಲವೇ ತಿಂಗಳಲ್ಲಿ ದಾರಿ ಮತ್ತೆ ಇಕ್ಕಟ್ಟಾಗುತ್ತಿತ್ತು. ಅದನ್ನು ತಡೆಯುವ ಮದ್ದು ಬಂದದ್ದು ಈಸ್ಟರ್ ದ್ವೀಪದ ಮಣ್ಣಿನಿಂದ! 1964ರ ಕೊನೆಗೆ ಅಲ್ಲಿಗೆ ಹೋದ ಕೆನಡಾದ ತಂಡ ಮಣ್ಣಿನ ಮಾದರಿ ತಂದಿತು. ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಭಾರತೀಯ ಮೂಲದ ವಿಜ್ಞಾನಿ ಸುರೇನ್ ಸೆಹಗಲ್ ಮತ್ತು ಸಂಗಡಿಗರು ಒಂದು ವಸ್ತುವನ್ನು ಬೇರ್ಪಡಿಸಿದರು. ಮೊದಲು ಕಂಡ ಗುಣ ಯಾವುದು ಗೊತ್ತೇ? ಶಿಲೀಂಧ್ರ ಕೊಲ್ಲುವುದು. ಅಡಿಕೆಗೆ ಶಿಲೀಂಧ್ರನಾಶಕ ಬೋರ್ಡೋ ದ್ರಾವಣ ಹೊಡೆಯುವ ನಮ್ಮೂರಿನವರು ಇಲ್ಲಿ ಕಿವಿ ನಿಮಿರಿಸಬೇಕು.

1980ರ ದಶಕದ ಆರಂಭದಲ್ಲಿ ಆ ಪ್ರಯೋಗಾಲಯ ಮುಚ್ಚಿತು, ಕಂಪನಿಗೆ ಇದರ ಮೇಲಿನ ಆಸಕ್ತಿಯೂ ಹೋಯಿತು. ಸೆಹಗಲ್ ಬ್ಯಾಕ್ಟೀರಿಯಾವನ್ನು ಮನೆಗೆ ಒಯ್ದು ಫ್ರೀಜರ್‌ನಲ್ಲಿಟ್ಟರು, ಅಮೆರಿಕಕ್ಕೆ ಹೋಗುವಾಗಲೂ ಕಟ್ಟಿಕೊಂಡು ಹೋದರು. ನಮ್ಮ ಮನೆಯಲ್ಲಾಗಿದ್ದರೆ ಹಬ್ಬಕ್ಕೆ ಫ್ರಿಡ್ಜ್ ತೊಳೆಯುವ ದಿನವೇ ಹೃದ್ರೋಗ ಚಿಕಿತ್ಸೆಯ ಚರಿತ್ರೆ ಕಸದ ಬುಟ್ಟಿ ಸೇರುತ್ತಿತ್ತು. ಆ ವಸ್ತುವೇ ಸಿರೋಲಿಮಸ್. 1999ರಲ್ಲಿ ಅಮೆರಿಕದಲ್ಲಿ ಮೂತ್ರಪಿಂಡ ಕಸಿಯಾದವರಿಗೆ, 2003ರಲ್ಲಿ ಸ್ಟೆಂಟ್ ಮೇಲೆ ಬಳಸಲು ಒಪ್ಪಿಗೆ ಸಿಕ್ಕಿತು. ಈಗಿನ ಸ್ಟೆಂಟ್‌ಗಳಲ್ಲಿ ಹೆಚ್ಚಾಗಿ ಇರುವುದು ಇದು ಅಥವಾ ಇದರ ದಾಯಾದಿಗಳು.

ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬೆಳವಣಿಗೆಯನ್ನು ತಡೆಯುವ ಮದ್ದು, ಲೋಹದ ಮೇಲೆ ತೆಳು ಪೊರೆ ಬೆಳೆಯುವುದನ್ನೂ ತಡಮಾಡುತ್ತದೆ. ಪೊರೆ ಮುಚ್ಚುವ ತನಕ ಬರಿ ಲೋಹಕ್ಕೆ ರಕ್ತ ತಗಲಿ ಹೆಪ್ಪುಗಟ್ಟಬಹುದು. ಸ್ಟೆಂಟ್ ಒಮ್ಮೆಲೇ ಮುಚ್ಚಿದರೆ ಹೃದಯಾಘಾತ. ಅದಕ್ಕಾಗಿಯೇ ಹೆಪ್ಪು ತಡೆಯುವ ಮಾತ್ರೆಗಳು: ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್, ಸಾಮಾನ್ಯವಾಗಿ 6ರಿಂದ 12 ತಿಂಗಳು. ಆಮೇಲೂ ಒಂದು ಮಾತ್ರೆ ಮುಂದುವರಿಯುತ್ತದೆ. ಹಲ್ಲು ಕೀಳಿಸಲು ಹೋಗಿ ಯಾರೋ "ಎರಡು ದಿನ ನಿಲ್ಲಿಸಿ" ಎಂದರೆ, ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಸಮಯ ಮೀರುತ್ತಿದೆ, ಉಳಿದದ್ದು ಒಂದೇ ಉಸಿರಿಗೆ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆಯ ಮಾತ್ರೆ, ಹಿಂದೆ ಡೈಗೆ ಅಲರ್ಜಿ ಆಗಿದ್ದರೆ ಸ್ಟೆಂಟ್ ಹಾಕುವ ಮೊದಲೇ ಹೇಳಿ. ತೊಂದರೆಯಿಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆ. ಕೊಳವೆ ಹಾಕಿದ ಕೈಯಲ್ಲಿ ಕೆಲವು ದಿನ ಭಾರ ಎತ್ತಬೇಡಿ, ಅಡಿಕೆ ಮೂಟೆ ಕಾಯುತ್ತದೆ. ಮತ್ತೆ ಎದೆನೋವು ಬಂದರೆ ತಲಪಾಡಿ ಗಡಿ ದಾಟಿ ಮಂಗಳೂರಿನ ಹಳೆಯ ಆಸ್ಪತ್ರೆಗೇ ಹೋಗುತ್ತೇನೆ ಎಂಬ ಹಟ ಬೇಡ. 108ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಇಸಿಜಿ ಮಾಡಿಸಿ. ಇನ್ನು ದುಡ್ಡು: 2017ರಿಂದ ಸ್ಟೆಂಟ್‌ಗೆ ಕೇಂದ್ರ ಸರ್ಕಾರದ ಬೆಲೆ ಮಿತಿ ಇದೆ, ಬಿಲ್ಲಿನಲ್ಲಿ ಅದರ ಬೆಲೆಯನ್ನು ಪ್ರತ್ಯೇಕವಾಗಿ ನೋಡಿ. ಚಿಕಿತ್ಸಾ ಯೋಜನೆಯ ಕಾರ್ಡು ಕೇರಳದ್ದು, ಆಸ್ಪತ್ರೆ ಕರ್ನಾಟಕದ್ದು ಆದಾಗ ಆ ಯೋಜನೆ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಕೌಂಟರ್‌ನಲ್ಲಿ ಕೇಳಿಬಿಡಿ.