ನೀಸ್: ಬೆಳಿಗ್ಗೆ ಯಾವ ಗೋಡೆ, ಸಂಜೆ ಯಾವ ಗೋಡೆ

ನೀಸ್‌ಗೆ ಅರ್ಧ ದಿನ ಇಟ್ಟಿರುವ ಯುರೋಪ್ ಪ್ಯಾಕೇಜ್‌ಗೆ ದಯವಿಟ್ಟು ದುಡ್ಡು ಕಟ್ಟಬೇಡಿ. ಫ್ರಾನ್ಸ್‌ನ ದಕ್ಷಿಣದ ಈ ಕಡಲೂರಿನಲ್ಲಿ ಮಧ್ಯಾಹ್ನ ಒಂದಕ್ಕೆ ಬಸ್ಸಿನಿಂದ ಇಳಿಸಿ, ನಾಲ್ಕಕ್ಕೆ ಮೊನಾಕೋ ಕಡೆ ಹೊರಡಿಸುತ್ತಾರಲ್ಲ, ಅದು ನೋಡಿದ ಲೆಕ್ಕಕ್ಕೇ ಬರುವುದಿಲ್ಲ. ಫೋಟೋದಲ್ಲಿ ಕಂಡ ಕಾವಿ, ಹಳದಿ, ಗುಲಾಬಿ ಗೋಡೆಗಳೆಲ್ಲ ಬೇಸಿಗೆಯ ಆ ಹೊತ್ತಿನಲ್ಲಿ ಬಿಳಿಚಿಕೊಂಡಿರುತ್ತವೆ. "ಇಷ್ಟೇನಾ?" ಅಂತ ವಾಪಸ್ ಬರುತ್ತಾರೆ ಜನ.

ನನ್ನ ವಾದ ಇದು. ಈ ಊರನ್ನು ಸ್ಥಳಗಳ ಪಟ್ಟಿ ಹಿಡಿದು ನೋಡಬಾರದು. ಬಿಸಿಲು ಯಾವಾಗ ಯಾವ ಕಡೆ ಬೀಳುತ್ತದೆ ಅಂತ ತಿಳಿದುಕೊಂಡು ನೋಡಬೇಕು. ಅದಕ್ಕೆ ಕಡಿಮೆ ಅಂದರೂ ನಾಲ್ಕು ರಾತ್ರಿ ಬೇಕು.

ಇಲ್ಲಿನ ಬಣ್ಣ ತಾನಾಗಿ ಬಂದದ್ದಲ್ಲ. ನೀಸ್ ಕಾಯಂ ಆಗಿ ಫ್ರಾನ್ಸ್‌ಗೆ ಸೇರಿದ್ದು 1860ರಲ್ಲಿ. ಅದಕ್ಕೆ ಮೊದಲು ಇಟಲಿಯ ತೂರಿನ್‌ನಿಂದ ಆಳುತ್ತಿದ್ದ ಸವೋಯ್ ರಾಜಮನೆತನದ ಊರು. ಆ ಕಾಲದಲ್ಲೇ, 1832ರಲ್ಲಿ, ಕೊನ್ಸಿಲ್ಯೊ ದೊರ್ನಾತೊ ಎಂಬ ಮಂಡಳಿ ಬಂತು. ರಸ್ತೆ ಎಲ್ಲಿ ಹಾಯಬೇಕು, ಕಟ್ಟಡದ ಮುಖ ಹೇಗಿರಬೇಕು ಎಂಬುದೆಲ್ಲ ಅದರ ಕೈಯಲ್ಲಿತ್ತು. ಮಸೆನಾ ಚೌಕದ ಕೆಂಪು ಕಟ್ಟಡಗಳ ಸಾಲು ಅಷ್ಟು ಸಮವಾಗಿ ಇರುವುದು ಅದಕ್ಕೇ. ಹಳೆ ಊರಿನ ಗೋಡೆಗಳದ್ದು ಸುಣ್ಣಕ್ಕೆ ಮಣ್ಣಿನ ಬಣ್ಣ ಬೆರೆಸಿ ಬಳಿಯುವ ಸಂಪ್ರದಾಯ. ಹತ್ತಿರ ಹೋಗಿ ನೋಡಿ: ಕೆಲವು ಕಿಟಕಿಗಳು ಕಿಟಕಿಗಳೇ ಅಲ್ಲ, ಗೋಡೆ ಮೇಲೆ ಬರೆದ ಚಿತ್ರ. ನಿಜವಾದವಕ್ಕೆ ಪಟ್ಟಿ ಪಟ್ಟಿ ಮರದ ಬಾಗಿಲು, ಅದರ ಕೆಳಭಾಗ ಮಾತ್ರ ಹೊರಕ್ಕೆ ತಳ್ಳಿಕೊಳ್ಳುತ್ತದೆ. ಬಿಸಿಲು ಒಳಗೆ ಬರಬಾರದು, ಗಾಳಿ ಬರಬೇಕು, ಬೀದಿಯಲ್ಲಿ ಯಾರು ಹೋದರು ಅಂತಲೂ ಕಾಣಬೇಕು!

ಈಗ ಬಿಸಿಲಿನ ವಿಷಯ. ಜೂನ್ ಕೊನೆಯ ಮಧ್ಯಾಹ್ನ ನೀಸ್‌ನಲ್ಲಿ ಸೂರ್ಯ ಸುಮಾರು 70 ಡಿಗ್ರಿ ಎತ್ತರದಲ್ಲಿರುತ್ತಾನೆ. ಬೆಳಕು ಗೋಡೆಗೆ ಎದುರಿನಿಂದ ಬೀಳದೆ ಮೇಲಿನಿಂದ ಸವರಿಕೊಂಡು ಇಳಿಯುತ್ತದೆ, ಬಣ್ಣ ಏಳುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ ಎತ್ತರ ಬರೀ 23 ಡಿಗ್ರಿ. ದಕ್ಷಿಣಕ್ಕೆ, ಅಂದರೆ ಕಡಲಿಗೆ, ಮುಖ ಮಾಡಿದ ಗೋಡೆಗೆ ಬೆಳಕು ನೇರ ಎದೆಗೇ ಹೊಡೆಯುತ್ತದೆ. ಚಿತ್ರಕಾರ ಮತೀಸ್ 1917ರ ಕೊನೆಗೆ ಬಂದಾಗ ವಾರಗಟ್ಟಲೆ ಮಳೆ ಹಿಡಿದಿತ್ತಂತೆ. ಮೋಡ ಸರಿದು ಆ ಚಳಿಗಾಲದ ಬೆಳಕು ಬಂದ ಮೇಲೆ ಅಲ್ಲೇ ನಿಂತ. 2021ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಗೆ ಸೇರಿಸಿದ್ದೂ ಚಳಿಗಾಲದ ವಿಹಾರ ನಗರ ಅಂತಲೇ. ನಮ್ಮವರು ಮಾತ್ರ ಜುಲೈ–ಆಗಸ್ಟ್‌ನಲ್ಲೇ ಹೋಗಿ, ಅತಿ ದುಬಾರಿ ರೂಮಿನಲ್ಲಿ ಅತಿ ಕೆಟ್ಟ ಬೆಳಕು ನೋಡಿ ಬರುತ್ತಾರೆ.

ಮಕ್ಕಳ ರಜೆ ಏಪ್ರಿಲ್‌ನಲ್ಲಿ ಅಂದರೆ ಬಹಳ ಒಳ್ಳೆಯದು, ಹೋಗಿ. ಮೇ ನಡುವಿಗೆ ಹತ್ತಿರದ ಕಾನ್‌ನಲ್ಲಿ ಚಿತ್ರೋತ್ಸವ, ಜೂನ್ ಮೊದಲಿಗೆ ಮೊನಾಕೋ ಕಾರ್ ರೇಸ್. ಆ ವಾರಗಳಲ್ಲಿ ಹೋಟೆಲ್ ದರ ಕೇಳಲೇಬೇಡಿ. ದಸರಾ ರಜೆಗೆ ಹೋಗುವವರು ಮಳೆಗೆ ತಯಾರಾಗಿರಿ, ಅಕ್ಟೋಬರ್–ನವೆಂಬರ್ ಅಲ್ಲಿ ಜೋರು ಮಳೆಯ ತಿಂಗಳುಗಳು. ಫೆಬ್ರುವರಿಯಲ್ಲಿ ಕಾರ್ನಿವಲ್, ತಿಳಿ ಆಕಾಶ, ಹಗಲಲ್ಲಿ 13 ಡಿಗ್ರಿ ಆಸುಪಾಸು. ಸ್ವೆಟರ್ ಹಾಕಿಕೊಂಡು ನೋಡುವ ಊರು ಅಂತ ಮನಸ್ಸು ಮಾಡಿದರೆ ಅದಕ್ಕಿಂತ ಒಳ್ಳೆ ತಿಂಗಳಿಲ್ಲ.

ಹಾಗಾದರೆ ದಿನ ಹೇಗೆ ಕಳೆಯುವುದು? ಬೆಳಿಗ್ಗೆ ಮೊದಲು ಶಾತೊ ಗುಡ್ಡ ಹತ್ತಿ. ಹೆಸರು ಕೋಟೆಯದು, ಕೋಟೆ ಇಲ್ಲ: 14ನೇ ಲೂಯಿ 1706ರಲ್ಲಿ ಕೆಡವಿಸಿದ. ಎತ್ತರ 92 ಮೀಟರ್ ಅಷ್ಟೆ, ಮಂಡಿ ನೋವಿದ್ದವರಿಗೆ ಕಡಲ ಬದಿಯಿಂದ ಉಚಿತ ಲಿಫ್ಟ್ ಇದೆ, ಕೆಟ್ಟು ನಿಂತಿರುವುದೂ ಉಂಟು. ಗುಡ್ಡ ಇರುವುದು ಕೊಲ್ಲಿಯ ಪೂರ್ವಕ್ಕೆ. ಬೆಳಿಗ್ಗೆ ಪಶ್ಚಿಮದ ಕಟ್ಟೆಯಲ್ಲಿ ನಿಂತರೆ ಸೂರ್ಯ ಬೆನ್ನ ಹಿಂದೆ. ಹಂಚಿನ ಮಾಡುಗಳು, ಕೊಲ್ಲಿಯ ಬಾಗು, ನೀಲಿ ನೀರು ಎಲ್ಲ ಸ್ವಚ್ಛ. ಸಂಜೆ ಅದೇ ಜಾಗದಲ್ಲಿ ಬಿಸಿಲು ಕಣ್ಣಿಗೆ ಹೊಡೆದು ಊರು ಬರೀ ಕಪ್ಪು ನೆರಳು. ಮಧ್ಯಾಹ್ನದ ಮೇಲೆ ಬಂದರೆ ಗುಡ್ಡದ ಪೂರ್ವದ ಕಟ್ಟೆಗೆ ಹೋಗಿ, ಕೆಳಗೆ ಲಿಂಪಿಯಾ ಬಂದರು, ಪ್ವಾಂತ್ಯು ಎಂದು ಕರೆಯುವ ಬಣ್ಣದ ಪುಟ್ಟ ಮರದ ದೋಣಿಗಳು, ಹಿಂದೆ ಕಾವಿ ಕಟ್ಟಡಗಳು.

"ಸೂರ್ಯಾಸ್ತ ಅಲ್ಲಿಂದಲೇ ನೋಡೋಣ" ಅಂದುಕೊಂಡವರಿಗೆ ಬೇಸಿಗೆಯಲ್ಲಿ ನಿರಾಸೆ. ಪಾರ್ಕಿನ ಗೇಟು ರಾತ್ರಿ 8ಕ್ಕೇ ಹಾಕುತ್ತಾರೆ, ಜೂನ್‌ನಲ್ಲಿ ಸೂರ್ಯ ಮುಳುಗುವುದು 9 ದಾಟಿದ ಮೇಲೆ. ಚಳಿಗಾಲದಲ್ಲಿ 6ಕ್ಕೆ ಮುಚ್ಚಿದರೂ ಸೂರ್ಯ 5ರ ಸುಮಾರಿಗೇ ಮುಳುಗಿರುತ್ತಾನೆ. ಇನ್ನೊಂದು, ಮಧ್ಯಾಹ್ನ ಸರಿಯಾಗಿ 12ಕ್ಕೆ ಗುಡ್ಡದಿಂದ ಢಂ ಅಂತ ಸದ್ದು ಬರುತ್ತದೆ. ಹೆದರಬೇಡಿ, ಊಟದ ಹೊತ್ತು ಸಾರುವ ಹಳೆ ಪದ್ಧತಿ.

ಗುಡ್ಡದಿಂದ ಇಳಿದರೆ ಕೂರ್ ಸಲೇಯಾ ಸಂತೆ. ಹೂವು, ತರಕಾರಿ ಬೇಕಾದರೆ ಮಂಗಳವಾರದಿಂದ ಭಾನುವಾರ, ಮಧ್ಯಾಹ್ನ ಒಂದರೊಳಗೆ. ಸೋಮವಾರ ಅದೇ ಜಾಗದಲ್ಲಿ ಹಳೆ ಸಾಮಾನಿನ ಅಂಗಡಿಗಳು. ಮತೀಸ್ ಮತ್ತು ಇನ್ನೊಬ್ಬ ಚಿತ್ರಕಾರ ಶಗಾಲ್ ಮ್ಯೂಸಿಯಂಗಳಿಗೆ ಮಂಗಳವಾರ ರಜೆ. ಎರಡೇ ದಿನ ಇಟ್ಟುಕೊಂಡು, ಅದು ಸೋಮವಾರ–ಮಂಗಳವಾರ ಆಗಿಬಿಟ್ಟರೆ ಸೋಮವಾರ ಮ್ಯೂಸಿಯಂ, ಮಂಗಳವಾರ ಸಂತೆ; ತಿರುಗುಮುರುಗಾದರೆ ಎರಡೂ ಕೈತಪ್ಪಿತು. ಸಂತೆಯ ಪೂರ್ವ ತುದಿಯಲ್ಲಿ ಎತ್ತರದ ಹಳದಿ ಕಟ್ಟಡ, ಮತೀಸ್ ಹಲವು ವರ್ಷ ಬಾಡಿಗೆಗಿದ್ದದ್ದು. ಅದರ ಮುಖ ಪಶ್ಚಿಮಕ್ಕೆ. ಸಂತೆ ಎದ್ದ ಮೇಲೆ, ನಾಲ್ಕರ ನಂತರ ಬನ್ನಿ.

ನಡು ಮಧ್ಯಾಹ್ನ ಓಣಿಗಳೊಳಗೆ ನುಗ್ಗಿ. ಐದಾರು ಮಹಡಿ ಮನೆಗಳ ನಡುವೆ ಅಷ್ಟಗಲದ ದಾರಿ, ಬಿಸಿಲು ತಳ ಮುಟ್ಟುವುದೇ ಆಗ, ಅದೂ ಸ್ವಲ್ಪ ಹೊತ್ತು. ಬ್ಯಾಗು ಮಾತ್ರ ಎದೆ ಮೇಲಿರಲಿ.

ಹೊಟ್ಟೆ ವಿಷಯ. ಸಸ್ಯಾಹಾರಿಗಳಿಗೆ ಇಲ್ಲೊಂದು ಪುಣ್ಯವಿದೆ: ಸೋಕ್ಕಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಗಲವಾದ ತಾಮ್ರದ ತಟ್ಟೆಗೆ ಹುಯ್ದು ಸೌದೆ ಒಲೆಯಲ್ಲಿ ಬೇಯಿಸಿ, ಕೆರೆದು ತೆಗೆದು, ಮೇಲೆ ಕರಿಮೆಣಸಿನ ಪುಡಿ. ಅಂಚು ಗರಿಗರಿ, ನಡು ಮೆತ್ತಗೆ. ತಣ್ಣಗಾದರೆ ರಬ್ಬರ್; ಒಲೆಯಿಂದ ಈಗಷ್ಟೇ ಇಳಿದಿರುವ, ಸಾಲು ನಿಂತಿರುವ ಅಂಗಡಿಯಲ್ಲೇ ತಿನ್ನಿ. ಮೋಸ ಹೋಗುವುದು ಪಿಸಲಾದಿಯೇರ್‌ನಲ್ಲಿ. ನೋಡಲು ಈರುಳ್ಳಿ ರೊಟ್ಟಿ, ಜೊತೆಗೆ ಆಂಚೊವಿ ಮೀನು. ಮೇಲಿನ ಮೀನು ತೆಗೆದರೂ ಮೀನಿನ ಗೊಜ್ಜು ಈರುಳ್ಳಿಯಲ್ಲಿ ಬೆರೆತಿರಬಹುದು. ನೀಸ್ ಸಲಾಡ್, ಪಾನ್ ಬನ್ಯಾ ಎಂಬ ಸ್ಯಾಂಡ್‌ವಿಚ್ ಎರಡರಲ್ಲೂ ಮೀನಿದೆ. ಕುಡಿಯಲು "ಕರಾಫ್ ದೋ" ಅಂತ ಕೇಳಿ, ನಲ್ಲಿ ನೀರು ಬಿಟ್ಟಿ ಕೊಡುತ್ತಾರೆ.

ಸಮುದ್ರಸ್ನಾನದ ಆಸೆಯಿಂದ ಹೋಗುವವರಿಗೆ ಒಂದೇ ಮಾತು: ಇಲ್ಲಿ ಮರಳಿಲ್ಲ, ಉರುಟು ಕಲ್ಲು. ಬರಿಗಾಲಲ್ಲಿ ನಡೆಯಲಾಗದು, ನೀರಿಗಿಳಿದ ನಾಲ್ಕು ಹೆಜ್ಜೆಗೇ ಆಳ. ಕಾರವಾರ, ಉಡುಪಿ ಕಡಲು ನೋಡಿದವರಿಗೆ ಬೀಚ್ ಆಗಿ ಇದು ಹಿಡಿಸದು. ರಬ್ಬರ್ ಶೂ ಒಯ್ಯಿರಿ, ಇಲ್ಲವೇ ದಂಡೆಯ ನೀಲಿ ಕುರ್ಚಿಗಳಲ್ಲಿ ಕೂತುಬಿಡಿ.

ವೀಸಾ ಬೇಗ ಮುಗಿಸೋಣ. ಫ್ರಾನ್ಸ್, ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಶುಲ್ಕ 90 ಯೂರೊ, ವಿಮೆ ಕನಿಷ್ಠ 30,000 ಯೂರೊದ್ದು. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಅರ್ಜಿ ಆ ದೇಶಕ್ಕೇ. ಇಟಲಿಯಲ್ಲಿ ಆರು ರಾತ್ರಿ, ನೀಸ್‌ನಲ್ಲಿ ನಾಲ್ಕು ಅಂದರೆ ಫ್ರಾನ್ಸ್‌ಗಲ್ಲ, ಇಟಲಿಗೆ. ಇಲ್ಲಿ ಎಡವುವವರು ತುಂಬಾ ಜನ.

ಉಳಿದ ಎರಡು ಬೆಳಗುಗಳನ್ನು ಅಕ್ಕಪಕ್ಕದ ಊರುಗಳಿಗೆ ಕೊಡಿ, ಬೆಳಗನ್ನೇ ಕೊಡಿ. ರೈಲಿನಲ್ಲಿ ಏಳೆಂಟು ನಿಮಿಷದ ವಿಲ್‌ಫ್ರಾಂಶ್, ಮುಕ್ಕಾಲು ಗಂಟೆಯೊಳಗಿನ ಮಾಂತೋನ್, ಎರಡರ ಹಳೆ ಮನೆಗಳೂ ಪೂರ್ವಕ್ಕೆ ತಿರುಗಿವೆ. ಮಧ್ಯಾಹ್ನ ಹೋದರೆ ಅವುಗಳ ಬೆನ್ನು ಬಿಸಿಲಿಗೆ, ಮುಖ ನೆರಳಿಗೆ. ಮಾಂತೋನ್ ಇಟಲಿಯ ಗಡಿಗೇ ಅಂಟಿಕೊಂಡಿದೆ, ರೈಲಿನಲ್ಲಿ ಪೊಲೀಸರು ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಹೊರಡಬೇಡಿ. ಸಂಜೆ ವಾಪಸ್ ಬರುವ ರೈಲು ಮೊನಾಕೋದಲ್ಲಿ ಕೆಲಸ ಮುಗಿಸಿದವರಿಂದ ತುಂಬಿರುತ್ತದೆ, ನಾಲ್ಕರೊಳಗೆ ಹತ್ತಿಬಿಡಿ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಬರುವಾಗ ಎಡಗಡೆ; ಕಡಲು ಆ ಕಡೆಗೆ.