ರಕ್ತ ಕೊಟ್ಟ ಊರಿಗೆ ಫಲಿತಾಂಶವನ್ನೂ ಹೇಳಿ

ನಮಸ್ಕಾರ. ಇವತ್ತಿನ ಮಾತು ಸಂಶೋಧಕರಿಗೆ. ಅದರಲ್ಲೂ ಮಲೆನಾಡಿನ ಊರುಗಳಿಗೆ ಬಂದು ಜನರ ರಕ್ತದ ಮಾದರಿ ಸಂಗ್ರಹಿಸುವವರಿಗೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ ಪತ್ತೆ ಮಾಡಿದರು. ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳದಿಂದ, ಹರಡುತ್ತದೆ ಅಂತ ಗೊತ್ತಾಯಿತು. ಅದೇ ಮಂಗನ ಕಾಯಿಲೆ, ಇಂಗ್ಲಿಷಿನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ (ಕೆಎಫ್‌ಡಿ). ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಪ್ರಬಂಧಗಳು ಬಂದಿವೆ, ಇಂಗ್ಲಿಷಿನಲ್ಲಿ. ರಕ್ತ ಕೊಟ್ಟವರಿಗೆ ಅವುಗಳಲ್ಲಿ ಎಷ್ಟು ತಲುಪಿವೆ?

"ಕಾಡಿಗೆ ಹೋಗಬೇಡಿ" ಅಂದುಬಿಟ್ಟರೆ ಮುಗಿಯಿತಾ? ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಕೊಟ್ಟಿಗೆಗೆ ದರಗು, ಅಂದರೆ ಕಾಡಿನ ಒಣ ಎಲೆ, ಬೇಕು. ದರಗು ಗುಡಿಸುವುದು ಬೇಸಿಗೆಯಲ್ಲಿ. ಮರಿ ಉಣುಗಿನ ಕಾಟವೂ ಆಗಲೇ ಜಾಸ್ತಿ. ಹಾಗಾಗಿ ಸಲಹೆ ಕೊಡುವ ಮುಂಚೆ ಕೂತು ಕೇಳಬೇಕು. ಯಾವ ದಾರಿಯಲ್ಲಿ ಹೋಗುತ್ತೀರಿ? ದರಗನ್ನು ಎಲ್ಲಿ ರಾಶಿ ಹಾಕುತ್ತೀರಿ? ಉಣುಗು ಕಚ್ಚದಿರಲಿ ಅಂತ ಕೊಟ್ಟ ಎಣ್ಣೆಯನ್ನು ಯಾಕೆ ಹಚ್ಚಿಕೊಳ್ಳುತ್ತಿಲ್ಲ? ಈ ಉತ್ತರಗಳು ಲ್ಯಾಬಿನಲ್ಲಿ ಸಿಗುವುದಿಲ್ಲ.

ಇದರಿಂದ ಸಂಶೋಧನೆಗೂ ಲಾಭ ಇದೆ. ಸತ್ತ ಮಂಗ ಮೊದಲು ಕಣ್ಣಿಗೆ ಬೀಳುವುದು ದನ ಮೇಯಿಸುವವರಿಗೆ, ಸೌದೆಗೆ ಹೋದವರಿಗೆ. ಮಂಗ ಸತ್ತ ಜಾಗದಲ್ಲೇ ಅದರ ಮೈಮೇಲಿನ ಉಣುಗುಗಳು ಉದುರುತ್ತವೆ. ಅಲ್ಲಿ ಓಡಾಡಿದವರಿಗೆ ಅಪಾಯ. ಸತ್ತ ಮಂಗ ಕಂಡವರು ತಕ್ಷಣ ಫೋನ್ ಮಾಡಿದರೆ ದೇಹ ಕೊಳೆಯುವ ಮುಂಚೆ ಪರೀಕ್ಷೆ ಮಾಡಬಹುದು. ಆದರೆ ಕಳೆದ ವರ್ಷ ತಿಳಿಸಿದ ಮಂಗನಿಗೆ ಕಾಯಿಲೆ ಇತ್ತೋ ಇಲ್ಲವೋ ಅಂತ ಯಾರೂ ಹೇಳದಿದ್ದರೆ ಈ ವರ್ಷ ಯಾಕೆ ಫೋನ್ ಮಾಡುತ್ತಾರೆ, ಹೇಳಿ?

ಫಲಿತಾಂಶ ಬಂದಾಗ ಗ್ರಾಮಸಭೆಗೆ ಹೋಗಿ. ಕನ್ನಡದಲ್ಲಿ ಒಂದೇ ಹಾಳೆ ಸಾಕು. ಮೊದಲು ಆಶಾ ಕಾರ್ಯಕರ್ತೆಯರಿಗೆ ಓದಲು ಕೊಡಿ. ಅರ್ಥವಾಗದ ಸಾಲು ಯಾವುದು ಅಂತ ಅವರೇ ತೋರಿಸುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಮಂಗನ ಕಾಯಿಲೆಯ ಹಳೆಯ ಲಸಿಕೆ ಅಷ್ಟಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ನೋವು ತಿಂದು ಅದನ್ನು ಹಾಕಿಸಿಕೊಂಡವರು ಕಾರಣ ಕೇಳಿದರೆ ಸಿಟ್ಟಾಗಬೇಡಿ. ಆ ಪ್ರಶ್ನೆ ನ್ಯಾಯವಾದದ್ದು.

ಸಮಯ ಇಲ್ಲ ಅಂತ ಸಂಶೋಧಕರು ಹೇಳುವುದು ನಿಜವೇ. ಬಡ್ತಿ ಕೊಡುವಾಗ ಪ್ರಬಂಧ ಎಣಿಸುತ್ತಾರೆ, ಗ್ರಾಮಸಭೆಯನ್ನು ಯಾರು ಎಣಿಸುತ್ತಾರೆ? ಅದಕ್ಕೇ ಅನುದಾನದಲ್ಲೇ ಈ ಕೆಲಸಕ್ಕೆ ಹಣ, ದಿನ ಎರಡನ್ನೂ ಮೀಸಲಿಡಬೇಕು. ಇದು ನಮ್ಮ ತೆರಿಗೆ ದುಡ್ಡು, ಕೇಳುವ ಹಕ್ಕು ನಮಗಿದೆ.

ಊರಿಗೆ ಹೋಗುವುದಾದರೆ ನವೆಂಬರಿನಲ್ಲೇ ಹೋಗಿ. ಡಿಸೆಂಬರಿನಿಂದ ಜ್ವರದ ಕಾಲ ಶುರುವಾಗುತ್ತದೆ.