ಫಾರ್ಮ್ಯಾಟ್ ಮಾಡದೆ ಪೆನ್‌ಡ್ರೈವ್‌ನ ಫೈಲ್ ಸಿಸ್ಟಮ್ ಬದಲಿಸಬಹುದಾ?

(ಸ್ಕ್ರೀನ್ ಮೇಲೆ: ಕಾಪಿ ನಿಂತುಹೋದ ಕಿಟಕಿ)

ನಮಸ್ಕಾರ. 32 ಜಿಬಿ ಪೆನ್‌ಡ್ರೈವ್. 20 ಜಿಬಿ ಖಾಲಿ ಇದೆ. ಅತ್ತೆ ಮಗಳ ಮದುವೆ ವಿಡಿಯೋ ಬರೀ 6 ಜಿಬಿ. ಆದ್ರೂ ವಿಂಡೋಸ್ ‘ಫೈಲ್ ತುಂಬಾ ದೊಡ್ಡದು’ ಅನ್ನುತ್ತದೆ. ಎಲ್ಲಿಯ ನ್ಯಾಯ ಇದು?

ಕಾರಣ ಬೇಗ ಹೇಳಿಬಿಡುತ್ತೇನೆ. ಇದರಲ್ಲಿರುವುದು ಫ್ಯಾಟ್32 ಅನ್ನುವ ಹಳೇ ಫೈಲ್ ಸಿಸ್ಟಮ್. 1996ರ ಸರಕು. ಫೈಲಿನ ಸೈಜ್ ಬರೆದಿಡಲು ಅದರಲ್ಲಿರುವುದು 32 ಬಿಟ್ ಜಾಗ. ಅಲ್ಲಿ ಹಿಡಿಸುವುದು 4 ಜಿಬಿಗೆ ಒಂದು ಬೈಟ್ ಕಮ್ಮಿ. ವಿಂಡೋಸ್‌ನದೇ ಇನ್ನೊಂದು ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್‌ಗೆ ಈ ತಾಪತ್ರಯವಿಲ್ಲ. ‘ಫಾರ್ಮ್ಯಾಟ್ ಮಾಡಿಬಿಡು’ ಅಂತಾರೆ ಎಲ್ಲರೂ. ಒಳಗಿರುವ ಹಳೇ ಫೋಟೋಗಳ ಗತಿ?

ಮದುವೆ ಮನೆಯ ಉಗ್ರಾಣ ನೋಡಿದ್ದೀರಿ ಅಲ್ವಾ? ಅಕ್ಕಿ ಮೂಟೆ ಇಲ್ಲಿ, ಬೆಲ್ಲ ಅಲ್ಲಿ, ತೆಂಗಿನಕಾಯಿ ಮಂಚದ ಕೆಳಗೆ. ಯಾವುದು ಎಲ್ಲಿದೆ ಅನ್ನುವ ಪಟ್ಟಿ ಉಗ್ರಾಣ ನೋಡಿಕೊಳ್ಳುವವರ ಕೈಯಲ್ಲಿ. ಫೈಲ್ ಸಿಸ್ಟಮ್ ಅಂದರೆ ಆ ಪಟ್ಟಿ. ಫಾರ್ಮ್ಯಾಟ್ ಅಂದರೆ ಪಟ್ಟಿ ಹರಿದು ಹಾಕುವುದು. ಕನ್ವರ್ಟ್ ಅಂದರೆ ಮೂಟೆಗಳನ್ನು ಇದ್ದಲ್ಲೇ ಬಿಟ್ಟು, ಖಾಲಿ ಮೂಲೆಯಲ್ಲಿ ಕೂತು ಹೊಸ ಪಟ್ಟಿ ಬರೆಯುವುದು. ಅದಕ್ಕೇ ಡ್ರೈವ್‌ನಲ್ಲಿ ಸ್ವಲ್ಪ ಖಾಲಿ ಜಾಗ ಇರಲೇಬೇಕು.

ಇಲ್ಲೊಂದು ಕಥೆ ಇದೆ. ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 2017ರ ಮಾರ್ಚ್‌ನಲ್ಲಿ ಐಒಎಸ್ 10.3 ಬಂತು. ಐಫೋನ್ ಇದ್ದವರು ಸುಮ್ನೆ ಅಪ್‌ಡೇಟ್ ಒತ್ತಿದರು. ಒಳಗೆ ಫೋನಿನ ಫೈಲ್ ಸಿಸ್ಟಮ್ಮೇ ಬದಲಾಯಿತು, ಎಚ್‌ಎಫ್‌ಎಸ್ ಪ್ಲಸ್‌ನಿಂದ ಎಪಿಎಫ್‌ಎಸ್‌ಗೆ. ಫೋಟೋ, ಮೆಸೇಜ್ ಎಲ್ಲ ಇದ್ದಲ್ಲೇ. ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತೀರಾ? ಹಿಂದಿನ ಅಪ್‌ಡೇಟ್‌ಗಳಲ್ಲೇ ರಿಹರ್ಸಲ್ ಮುಗಿದಿತ್ತು! ಜನರ ಫೋನಿನಲ್ಲೇ ಹೊಸ ಪಟ್ಟಿ ಬರೆದು, ಸರಿ ಇದೆಯಾ ಅಂತ ನೋಡಿ, ಅಳಿಸಿ ಮೊದಲಿನಂತೆ ಇಟ್ಟುಬಿಟ್ಟಿದ್ದರು. ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಆ್ಯಪಲ್‌ನ ಕ್ರೇಗ್ ಫೆಡರಿಗಿ ಅವರೇ ಬಾಯಿಬಿಟ್ಟರು. ಕೇಳದೆ ಮಾಡಿದ್ದು ಸರಿಯಾ? ಜಗಳ ಕಾಮೆಂಟ್‌ನಲ್ಲಿ ಆಡೋಣ. ಕೆಲಸವಂತೂ ಅಚ್ಚುಕಟ್ಟು.

ನಮ್ಮ ಪೆನ್‌ಡ್ರೈವ್‌ಗೆ ರಿಹರ್ಸಲ್ ಇಲ್ಲ. ಮೊದಲು ಬ್ಯಾಕಪ್. ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಪಟ್ಟಿ ಯಾರಿಗೂ ಬೇಡ, ಹಾಗಾಗಿ ಚಾರ್ಜ್ ಇರುವ ಲ್ಯಾಪ್‌ಟಾಪ್ ಒಳ್ಳೆಯದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆಯಿರಿ. ನನ್ನ ಡ್ರೈವ್ ‘ಇ’. ಟೈಪ್ ಮಾಡಿ: ಕನ್ವರ್ಟ್, ಸ್ಪೇಸ್, ಇ ಕೋಲನ್, ಸ್ಪೇಸ್, ಸ್ಲ್ಯಾಷ್ ಎಫ್‌ಎಸ್ ಕೋಲನ್ ಎನ್‌ಟಿಎಫ್‌ಎಸ್. ಡ್ರೈವ್‌ನ ಹೆಸರು ಕೇಳಿದರೆ ಕೊಡಿ.

(ಸ್ಕ್ರೀನ್ ಮೇಲೆ: ಕಮಾಂಡ್ ಓಡುತ್ತಿದೆ)

ಟೈಮ್ ಆಗ್ತಿದೆ, ಉಳಿದದ್ದು ಒಂದೇ ಉಸಿರಿನಲ್ಲಿ: ಇದು ಒನ್ ವೇ, ವಾಪಸ್ ಫ್ಯಾಟ್32ಗೆ ಹೋಗಲು ಫಾರ್ಮ್ಯಾಟೇ ಗತಿ, ಎಕ್ಸ್‌ಫ್ಯಾಟ್ ಅನ್ನುವ ಮತ್ತೊಂದು ಫೈಲ್ ಸಿಸ್ಟಮ್ ಇರುವ ಡ್ರೈವ್‌ಗೆ ಈ ಕಮಾಂಡ್ ನಡೆಯುವುದಿಲ್ಲ, ಲಿನಕ್ಸ್‌ನವರಿಗೆ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್‌ಗೆ ಬದಲಿಸುವ ಬಿಟಿಆರ್‌ಎಫ್‌ಎಸ್-ಕನ್ವರ್ಟ್ ಅನ್ನುವ ಕಮಾಂಡ್ ಇದೆ, ಅದು ಹಳೇ ಪಟ್ಟಿಯನ್ನೂ ಎತ್ತಿಡುತ್ತದೆ, ಬೇಡ ಅನ್ನಿಸಿದರೆ ಹಿಂದಕ್ಕೆ ಹೋಗಬಹುದು.

ಮದುವೆ ವಿಡಿಯೋ ಆರಾಮಾಗಿ ಕಾಪಿ ಆಯ್ತು. ಅತ್ತೆ ಮನೆಗೆ ಹೋಗಿ ಟಿವಿಗೆ ಚುಚ್ಚಿದೆ. ಹಳೇ ಟಿವಿ, ಎನ್‌ಟಿಎಫ್‌ಎಸ್ ಓದಲಿಲ್ಲ. ಎಲ್ಲರೂ ಲ್ಯಾಪ್‌ಟಾಪ್ ಸುತ್ತ ಕೂತು ನೋಡಿದೆವು.